ಎಂಟು ಪಥದ ರಸ್ತೆ, ನಾಲ್ಕೇ ಲಾರಿ

"ಸಾರ್, ನಮಗೆ ಒಂದು ಜಿಗಾಬಿಟ್ ಕೊಟ್ಟಿದ್ದಾರೆ ಅಂತಾರೆ. ಬರ್ತಿರೋದು ನಲವತ್ತು ಮೆಗಾಬಿಟ್. ಹತ್ತು ಜಿಗಾಬಿಟ್‌ಗೆ ಅರ್ಜಿ ಹಾಕೋಣ ಅಂತಿದ್ದೀವಿ. ನೀವೊಂದು ಲೆಟರ್ ಕೊಟ್ಬಿಡಿ."

ವರ್ಷಕ್ಕೆ ಏನಿಲ್ಲವೆಂದರೂ ಐದಾರು ಸಲ ಈ ಮಾತು ಕೇಳುತ್ತೇನೆ. ಬೆಂಗಳೂರಿನ ಕಾಲೇಜು, ಸಂಶೋಧನಾ ಸಂಸ್ಥೆಗಳ ನೆಟ್‌ವರ್ಕ್ ನೋಡಿಕೊಳ್ಳುವುದೇ ನನ್ನ ಕಸುಬು. ನಲವತ್ತು ಎಲ್ಲಿ ನೋಡಿದಿರಿ ಅಂತ ಕೇಳಿದರೆ ಜೇಬಿನಿಂದ ಫೋನ್ ಹೊರಗೆ ಬರುತ್ತದೆ. ಪ್ರಿನ್ಸಿಪಾಲರ ಕೋಣೆಯ ವೈಫೈ, ಅದರ ಮೇಲೊಂದು ಸ್ಪೀಡ್ ಟೆಸ್ಟ್. ಅದು ಹೇಳುವುದು ಆ ಕೋಣೆಯ ವೈಫೈ ಸುದ್ದಿಯನ್ನು ಮಾತ್ರ. ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ ಅಂದುಕೊಂಡು ಮುಂದೆ ಹೋಗುತ್ತೇನೆ. ನನಗೆ ಸಿಟ್ಟು ಬರಿಸುವುದು ಇದಲ್ಲ, ಇದರ ಅಣ್ಣನಂಥ ಇನ್ನೊಂದು ತಪ್ಪು.

ಅದಕ್ಕೆ ಮೊದಲು ಈ ಒಂದು ಜಿಗಾಬಿಟ್ ಯಾವುದು ಅಂತ ಎರಡು ಮಾತು. ನ್ಯಾಷನಲ್ ನಾಲೆಡ್ಜ್ ನೆಟ್‌ವರ್ಕ್, ಅಂದರೆ ಎನ್‌ಕೆಎನ್. 2010ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹತ್ತು ವರ್ಷಕ್ಕೆ 5,990 ಕೋಟಿ ರೂಪಾಯಿ, ಸಾವಿರದ ಐನೂರಕ್ಕೂ ಹೆಚ್ಚು ಸಂಸ್ಥೆಗಳನ್ನು ಜೋಡಿಸುವ ಗುರಿ, ನಡೆಸುವ ಹೊಣೆ ವಹಿಸಿದ್ದು ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಎನ್ಐಸಿಗೆ. ಇದು ಮನೆಗೆ ಬರುವ ಬ್ರಾಡ್‌ಬ್ಯಾಂಡಿನ ದೊಡ್ಡ ರೂಪ ಅಲ್ಲ. ಜಿನೀವಾದ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಹುಟ್ಟುವ ಡೇಟಾ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್ಆರ್‌ಗೆ ಬರಬೇಕು, ಅಂಥ ಕೆಲಸಕ್ಕೆ ಅಂತ ಕಟ್ಟಿದ್ದು. ಸಾವಿರ ಜನ ವಿಡಿಯೊ ನೋಡುವುದಕ್ಕೂ ಒಬ್ಬರು ಸಾವಿರ ಪಾಲು ಡೇಟಾ ಕಳಿಸುವುದಕ್ಕೂ ವ್ಯತ್ಯಾಸವಿದೆ. ಈ ಜಾಲ ಎರಡನೆಯವರಿಗಾಗಿ.

ಇದರ ಅಜ್ಜನೂ ಹಾಗೇ. 1986ರಲ್ಲಿ ಆಗಿನ ಇಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಶಿಕ್ಷಣ, ಸಂಶೋಧನೆಯವರಿಗೆ ಅರ್ನೆಟ್ ಅನ್ನುವ ಜಾಲ ಶುರು ಮಾಡಿತು. ಮೊದಲಿಗೆ ಎಂಟೇ ಮನೆ: ಆಗಿನ ಐದು ಐಐಟಿಗಳು, ಮುಂಬೈನ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ, ನಮ್ಮ ಐಐಎಸ್‌ಸಿ, ಜೊತೆಗೆ ದಿಲ್ಲಿಯಲ್ಲಿ ಇಲಾಖೆಯೇ. ಫೋನ್ ಲೈನಿನಲ್ಲಿ ಮೇಲ್ ಕಳಿಸುವುದರಿಂದ ಆರಂಭ. ಆಮೇಲೆ 9.6 ಕಿಲೋಬಿಟ್‌ನ ಬಾಡಿಗೆ ಲೈನು. ಸಾರ್ವಜನಿಕರಿಗೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅಷ್ಟರಲ್ಲಿ ಅರ್ನೆಟ್‌ನವರು ವರ್ಷಗಟ್ಟಲೆ ಮೇಲ್ ಮಾಡಿ ಮುಗಿಸಿದ್ದರು. ಈಗಿನ ಎಷ್ಟೋ ಕಾಲೇಜುಗಳಿಗೆ ಅರ್ನೆಟ್ ಅಂದರೆ ಎಸಿ ಡಾಟ್ ಇನ್ ಹೆಸರಿನ ರಿನೀವಲ್ ಬಿಲ್ ಕಳಿಸುವವರು, ಅಷ್ಟೇ.

ಅರ್ನೆಟ್‌ನ ಉಪಗ್ರಹ ಜಾಲದ ಹಬ್ ಇದ್ದದ್ದು ಬೆಂಗಳೂರಲ್ಲೇ. ತೊಂಬತ್ತರ ದಶಕದಲ್ಲಿ ನಾನು ಹೊಸ ಹುಡುಗ. ಛಾವಣಿ ಮೇಲೊಂದು ಡಿಶ್, ಕೆಳಗೆ ಒಂದು ಟರ್ಮಿನಲ್. ದೂರದ ಯಂತ್ರಕ್ಕೆ ಲಾಗಿನ್ ಆಗಿ ಒಂದಕ್ಷರ ಒತ್ತಿದರೆ ಅದು ಪರದೆಯಲ್ಲಿ ಮೂಡಲು ಅರ್ಧ ಸೆಕೆಂಡಿಗೂ ಜಾಸ್ತಿ. ಉಪಗ್ರಹ ಇರುವುದು 36,000 ಕಿಲೋಮೀಟರ್ ಮೇಲೆ. ಅಕ್ಷರ ಹತ್ತಿ ಇಳಿಯಬೇಕು, ಉತ್ತರವೂ ಹತ್ತಿ ಇಳಿಯಬೇಕು. ಬೆಳಕಿಗಿಂತ ಬೇಗ ಯಾರೂ ಓಡುವಂತಿಲ್ಲ. ಲೈನ್ ಎಷ್ಟೇ ಅಗಲ ಮಾಡಿದರೂ ಆ ಅರ್ಧ ಸೆಕೆಂಡು ಕಡಿಮೆ ಆಗುವುದಿಲ್ಲ ಅಂತ ನಮಗೆಲ್ಲ ಬೆರಳ ತುದಿಯಲ್ಲೇ ಗೊತ್ತಾಗುತ್ತಿತ್ತು. ಫೈಬರ್ ಬಂದಮೇಲೆ ಜನ ಇದನ್ನು ಮರೆತರು. ಆ ಅಣ್ಣನಂಥ ತಪ್ಪು ಹುಟ್ಟಿದ್ದು ಈ ಮರೆವಿನಿಂದಲೇ.

ಇದನ್ನು ನಾನು ಲಾರಿ ಲೆಕ್ಕದಲ್ಲಿ ಹೇಳುತ್ತೇನೆ. ಯಶವಂತಪುರ ಯಾರ್ಡಿನ ಒಬ್ಬ ಈರುಳ್ಳಿ ಮಂಡಿ ಮಾಲೀಕ. ದಿಲ್ಲಿಗೆ ಸರಕು ಕಳಿಸುತ್ತಾನೆ. ಅವನದೊಂದು ಕಟ್ಟುನಿಟ್ಟು: ನಾಲ್ಕು ಲಾರಿ ಬಿಟ್ಟಮೇಲೆ, ಮೊದಲನೆಯದು ತಲುಪಿದ ರಸೀದಿ ಕೈಗೆ ಬರುವ ತನಕ ಐದನೆಯದನ್ನು ಬಿಡುವುದಿಲ್ಲ. ತುಮಕೂರು ರಸ್ತೆ ಎಂಟು ಪಥ ಇರಲಿ, ಹದಿನಾರೇ ಇರಲಿ, ಅದರ ಮೇಲೆ ಅವನ ನಾಲ್ಕೇ ಲಾರಿ. ಸರಕು ನಿಧಾನ ಹೋಗುತ್ತಿದೆ, ರಸ್ತೆ ಅಗಲ ಮಾಡಿ ಅಂತ ಅವನು ಅರ್ಜಿ ಕೊಟ್ಟರೆ ನೀವು ನಗುತ್ತೀರಿ, ಅಲ್ವಾ? ಅದೇ ಮಾಲೀಕ ನೆಲಮಂಗಲಕ್ಕೆ ಕಳಿಸಿದರೆ ಒಂದು ಗಂಟೆಯಲ್ಲಿ ರಸೀದಿ ವಾಪಸ್. ಅದೇ ನಿಯಮದಲ್ಲೇ ದಿನವಿಡೀ ಲಾರಿ ಓಡುತ್ತಿರುತ್ತವೆ.

ಇಂಟರ್ನೆಟ್ಟಿನಲ್ಲಿ ಡೇಟಾ ಕಳಿಸಿ ರಸೀದಿ ಪಡೆಯುವ ನಿಯಮಕ್ಕೆ ಟಿಸಿಪಿ ಅಂತ ಹೆಸರು. ಅದು ಥೇಟ್ ಈ ಮಾಲೀಕನೇ. ರಸೀದಿ ಇಲ್ಲದೆ ದಾರಿಯಲ್ಲಿರಬಹುದಾದ ಸರಕಿಗೆ ಅದು ವಿಂಡೊ ಅನ್ನುತ್ತದೆ. ಅಮೆರಿಕಕ್ಕೆ ಹೋಗಿ ಬರಲು 200 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಹಳೆಯ ವಿಂಡೊ 64 ಕಿಲೋಬೈಟ್. ಒಂದು ಬೈಟ್ ಅಂದರೆ ಎಂಟು ಬಿಟ್. ಭಾಗಿಸಿ ನೋಡಿ, ಸೆಕೆಂಡಿಗೆ ಎರಡೂವರೆ ಮೆಗಾಬಿಟ್ ಚಿಲ್ಲರೆ. ಲೈನು ಒಂದು ಜಿಗಾಬಿಟ್ ಆದರೂ ಅಷ್ಟೇ, ಹತ್ತಾದರೂ ಅಷ್ಟೇ. ಆ ಒಂದು ಜಿಗಾಬಿಟ್ ತುಂಬಬೇಕಾದರೆ 25 ಮೆಗಾಬೈಟ್ ಸರಕು ಯಾವಾಗಲೂ ದಾರಿಯಲ್ಲೇ ಇರಬೇಕು. ಈಗಿನ ಯಂತ್ರಗಳು ವಿಂಡೊವನ್ನು ತಾವೇ ಹಿಗ್ಗಿಸಿಕೊಳ್ಳುತ್ತವೆ, ನಿಜ. ಆದರೆ ಎಷ್ಟರ ತನಕ ಅನ್ನುವುದು ಎರಡೂ ತುದಿಯ ಸೆಟ್ಟಿಂಗ್ ಮೇಲಿದೆ. ಜಾಲದ ಬಾಗಿಲು ಕಾಯುವ ಕೆಲವು ಫೈರ್‌ವಾಲ್‌ಗಳು ನಡುವೆ ಕೈಹಾಕಿ ಕೆಡಿಸುವುದೂ ಉಂಟು.

ಇನ್ನೂ ಒಂದಿದೆ. ಒಂದು ಲಾರಿ ಕಳೆದುಹೋಯಿತು ಅನ್ನಿ. ಮಾಲೀಕ ಗಾಬರಿಯಾಗಿ ಲಾರಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುತ್ತಾನೆ. ಆಮೇಲೆ ಒಂದೊಂದು ಸುತ್ತಿನ ರಸೀದಿ ಬಂದಹಾಗೆ ಒಂದೊಂದೇ ಲಾರಿ ಸೇರಿಸುತ್ತಾನೆ. ನೆಲಮಂಗಲವಾದರೆ ಸಂಜೆಯೊಳಗೆ ಸರಿಹೋಗುತ್ತದೆ. ದಿಲ್ಲಿಯಾದರೆ ವಾರಗಟ್ಟಲೆ. ಅಷ್ಟರಲ್ಲಿ ಇನ್ನೊಂದು ಲಾರಿ ಕಳೆದಿರುತ್ತದೆ.

ಅಮೆರಿಕದ ಸಂಶೋಧನಾ ಜಾಲ ಇಎಸ್‌ನೆಟ್‌ನವರಿಗೆ ಒಮ್ಮೆ ಹೀಗಾಗಿತ್ತು. ಒಂದು ರೂಟರ್ ಕಾರ್ಡ್ 22,000ಕ್ಕೆ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ಲಾರಿ, ಕಳೆಯುತ್ತಿತ್ತು. ಶೇಕಡಾ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಆದರೆ ಟಿಸಿಪಿಯ ಹಳೆಯ ಸೂತ್ರ ಹಾಕಿ ನೋಡಿ. ಎರಡು ಮಿಲಿಸೆಕೆಂಡ್ ದೂರದ ಬೆಂಗಳೂರಿನ ಸರ್ವರ್‌ಗೆ ಇದೇ ನಷ್ಟದಲ್ಲೂ ಒಂದು ಜಿಗಾಬಿಟ್ ಹತ್ತಿರ ಸಿಗುತ್ತದೆ. 150 ಮಿಲಿಸೆಕೆಂಡ್ ದೂರದ ಯುರೋಪಿಗೆ 14 ಮೆಗಾಬಿಟ್. ಹೊಸ ಟಿಸಿಪಿಗಳು ಸ್ವಲ್ಪ ಮೇಲು, ಆದರೆ ಹೋಲಿಕೆ ಕೆಡುವುದಿಲ್ಲ. ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರ್ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ತಂತಿ ಹಾಕಿ ಸರಿಯಾಗಿ ಅಳೆದವರೂ 900 ಮೆಗಾಬಿಟ್ ನೋಡಿ "ನಮ್ಮ ಕಡೆ ಎಲ್ಲ ಸರಿ ಇದೆ, ಫಾರಿನ್‌ನವರದ್ದೇ ಸ್ಲೋ" ಅಂತ ಹೇಳುತ್ತಾರೆ. ಅಣ್ಣನ ತಪ್ಪು ಅಂದೆನಲ್ಲ, ಇದೇ ಅದು.

ಮೂರು ವರ್ಷದ ಹಿಂದೆ ಇಲ್ಲಿನ ಒಂದು ಜೀವವಿಜ್ಞಾನ ಲ್ಯಾಬಿನಿಂದ ಕರೆ ಬಂತು. ಜರ್ಮನಿಗೆ ನಾಲ್ಕು ಟೆರಾಬೈಟ್ ಡೇಟಾ ಕಳಿಸಬೇಕು. ಒಂದು ಜಿಗಾಬಿಟ್ ಪೂರ್ತಿ ಸಿಕ್ಕರೆ ಒಂಬತ್ತು ಗಂಟೆಯ ಕೆಲಸ. ಅವರಿಗೆ ಸಿಗುತ್ತಿದ್ದ ವೇಗದಲ್ಲಿ ಇಪ್ಪತ್ತೈದು ದಿನದ ಮೇಲೆ. ಅದಕ್ಕೇ ಹಾರ್ಡ್ ಡಿಸ್ಕ್ ಕೊರಿಯರ್ ಮಾಡುತ್ತಿದ್ದರು. ಅವರನ್ನು ನಾನು ಬೈಯಲಿಲ್ಲ. ಆ ಲೆಕ್ಕಕ್ಕೆ ಕೊರಿಯರ್ರೇ ವಾಸಿ. ಆದರೆ ಮೇಜಿನ ಮೇಲೆ ಹತ್ತು ಜಿಗಾಬಿಟ್ ಅರ್ಜಿ ರೆಡಿ ಇತ್ತು. ನನ್ನ ಸಹಿ ಒಂದೇ ಬಾಕಿ.

"ಮೇಡಂ, ಎರಡು ದಿನ ಟೈಮ್ ಕೊಡಿ" ಅಂದೆ.

ವೇಗ ಅಳೆಯುವ ಐಪರ್ಫ್ ಹಚ್ಚಿ ದಾರಿಯ ಒಂದೊಂದೇ ತುಂಡು ಅಳೆಯುತ್ತ ಹೋದೆವು. ಗೇಟಿನಾಚೆ ಸ್ವಚ್ಛ. ಲ್ಯಾಬ್ ಮತ್ತು ಸರ್ವರ್ ರೂಮಿನ ನಡುವೆ ಪ್ಯಾಕೆಟ್ ಕಳೆಯುತ್ತಿತ್ತು, ಸಾವಿರಾರಕ್ಕೊಂದು. ಸ್ವಿಚ್ಚಿನಲ್ಲಿ ನೋಡಿದರೆ ಆ ಫೈಬರಿನಲ್ಲಿ ಬರುವ ಬೆಳಕು ಇರಬೇಕಾದ್ದಕ್ಕಿಂತ ಕಡಿಮೆ. ಕನೆಕ್ಟರ್ ಕಿತ್ತು ಸ್ಕೋಪ್ ಕೆಳಗಿಟ್ಟರೆ ತುದಿಯ ಮೇಲೆಲ್ಲ ಸಣ್ಣ ಕೆಂಪು ಪುಡಿ.

ಕುಂಕುಮ! ಆಯುಧಪೂಜೆಯ ದಿನ ರ‍್ಯಾಕಿಗೆ, ಸ್ವಿಚ್ಚಿಗೆ, ಯುಪಿಎಸ್‌ಗೆ ಎಲ್ಲದಕ್ಕೂ ಭಕ್ತಿಯಿಂದ ಇಟ್ಟಿದ್ದಾರೆ. ಆಮೇಲೆ ಅದೇ ಬೆರಳಲ್ಲಿ ಯಾರೋ ಒಂದು ಕೇಬಲ್ ಬದಲಿಸಿದ್ದಾರೆ. ಟೆಕ್ನಿಷಿಯನ್ ಹುಡುಗನ ಮುಖ ಸಣ್ಣದಾಯಿತು. ನಾನು ಅವನಿಗೆ ಏನೂ ಅನ್ನಲಿಲ್ಲ, ನನ್ನ ಸ್ಕೂಟರಿನ ಹೆಡ್‌ಲೈಟಿನ ಮೇಲೂ ಅದೇ ಕುಂಕುಮ ಇತ್ತು. ಕ್ಲೀನಿಂಗ್ ಪೆನ್ನಿನಿಂದ ಎರಡು ಸಲ ಒರೆಸಿದ್ದಾಯಿತು. ನಷ್ಟ ನಿಂತಿತು.

ಎಲ್ಲ ಕಡೆ ಕುಂಕುಮವೇ ಕಾರಣ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಬಹಳ ಕಡೆ ಕೈಕೊಡುವುದು ಫೈರ್‌ವಾಲ್. ಸಾವಿರ ಸಣ್ಣ ಸಂಪರ್ಕಗಳನ್ನು ಕಾಯಲು ಮಾಡಿದ ಯಂತ್ರ ಅದು. ಒಂದೇ ದೊಡ್ಡ ಪ್ರವಾಹ ನುಗ್ಗಿದರೆ ಒಳಗಿನ ಜಾಗ ತುಂಬಿ ಪ್ಯಾಕೆಟ್ ಚೆಲ್ಲುತ್ತದೆ. ಈ ಲ್ಯಾಬಿನಲ್ಲೂ ಅದು ಎರಡನೇ ಕಾಯಿಲೆ. ಡೇಟಾ ಕಳಿಸುವುದಕ್ಕೇ ಅಂತ ಒಂದು ಸರ್ವರ್ ಇಟ್ಟೆವು. ಅದನ್ನು ಕ್ಯಾಂಪಸ್ ಫೈರ್‌ವಾಲಿನ ಹೊರಗೆ, ಎನ್‌ಕೆಎನ್ ರೂಟರಿನ ಪಕ್ಕಕ್ಕೇ ಜೋಡಿಸಿದೆವು. ಅದರಲ್ಲಿ ಮೇಲ್ ಇಲ್ಲ, ಬ್ರೌಸರ್ ಇಲ್ಲ. ಯಾವ ಊರಿನ ಯಾವ ಯಂತ್ರ ಬರಬಹುದು ಅನ್ನುವ ಪಟ್ಟಿ ರೂಟರಿನಲ್ಲೇ ಇದೆ. ಈ ಏರ್ಪಾಟಿಗೆ ಇಎಸ್‌ನೆಟ್‌ನವರು ಸೈನ್ಸ್ ಡಿಎಮ್‌ಜೆಡ್ ಅನ್ನುತ್ತಾರೆ. ಇದನ್ನು ಓದಿ ಇಡೀ ಕಾಲೇಜಿನ ಫೈರ್‌ವಾಲ್ ಕಿತ್ತು ಹಾಕಿದರೆ ಆಮೇಲೆ ನನ್ನನ್ನು ಹುಡುಕಿಕೊಂಡು ಬರಬೇಡಿ. ನಿಮ್ಮ ಸೆಕ್ಯುರಿಟಿ ನೋಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಹತ್ತು ಜಿಗಾಬಿಟ್ ಬೇಕಾಗುವವರೂ ಇದ್ದಾರೆ. ಇರುವ ಒಂದನ್ನು ನಿಜಕ್ಕೂ ತುಂಬಿಸಿದ ಗ್ರಾಫ್ ತೋರಿಸಿದರೆ ಅವತ್ತೇ ಲೆಟರ್ ಕೊಡುತ್ತೇನೆ.

ಆ ನಾಲ್ಕು ಟೆರಾಬೈಟ್ ರಾತ್ರಿ ಒಂಬತ್ತಕ್ಕೆ ಹಚ್ಚಿದ್ದು ಮಾರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯಿತು. ಅರ್ಜಿ ಇನ್ನೂ ಫೈಲಿನಲ್ಲೇ ಇದೆ. ಕಳೆದ ಆಯುಧಪೂಜೆಗೆ ಆ ಟೆಕ್ನಿಷಿಯನ್ ಹುಡುಗ ಬೆಳಗ್ಗೆಯೇ ಫೋನ್ ಮಾಡಿದ್ದ.

"ಸಾರ್, ಈ ಸಲ ಕುಂಕುಮ ಬಾಗಿಲಿಗೆ ಮಾತ್ರ ಇಟ್ಟಿದೀನಿ. ಬೂದುಗುಂಬಳ ಎಲ್ಲಿ ಒಡೀಲಿ?"

"ಸರ್ವರ್ ರೂಮಿಂದ ಹೊರಗಪ್ಪಾ" ಅಂದೆ.