ಬೆಕ್ಕು ತೀರಿಕೊಂಡ ಮನೆಗೆ ಇನ್ನೊಂದು ಮರಿ ಯಾವಾಗ ತರಬೇಕು?

ಪ್ರಶ್ನೆ: ಹನ್ನೊಂದು ವರ್ಷ ನಮ್ಮ ಜೊತೆಗಿದ್ದ ಬೆಕ್ಕು ಈ ಮಳೆಗಾಲದಲ್ಲಿ ತೀರಿಕೊಂಡಿತು. ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ಪಕ್ಕದ ಮನೆಯವರು "ನಮ್ಮಲ್ಲಿ ನಾಲ್ಕು ಮರಿ ಇದ್ದು, ಒಂದು ತಗಂಡು ಹೋಗಿ" ಎನ್ನುತ್ತಿದ್ದಾರೆ. ತರಬಹುದೇ? (ಶಿರಸಿ ಕಡೆಯ ಓದುಗರು)

ತರಬಹುದು. ಈ ವಾರ ಮಾತ್ರ ಬೇಡ.

ನಮ್ಮ ಕಡೆಯ ಮನೆಗಳಲ್ಲಿ ಬೆಕ್ಕಿಗೆಂದು ಬೇರೆ ಜಾಗ ಇರುವುದಿಲ್ಲ, ಇಡೀ ಮನೆಯೇ ಅದರದು. ಮಳೆಗಾಲವಿಡೀ ಬಚ್ಚಲ ಒಲೆಯ ಬುಡದಲ್ಲಿ ಬೂದಿ ಮೆತ್ತಿಕೊಂಡು ಮಲಗುತ್ತದೆ. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹಾಜರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಯಾರದಾದರೂ ಮಡಿಲು ಹುಡುಕಿಕೊಳ್ಳುತ್ತದೆ. ಕಾರವಾರ, ಅಂಕೋಲೆಯ ಕಡೆಯಾದರೆ ಮೀನು ಮಾರುವವರ ಕೂಗು ಕೇಳಿಸಿದ್ದೇ ಮನೆಯವರಿಗಿಂತ ಮೊದಲು ಅಂಗಳಕ್ಕೆ ಇಳಿದಿರುತ್ತದೆ. ದಿನದ ಇಷ್ಟೆಲ್ಲ ಹೊತ್ತುಗಳಲ್ಲಿ ಬೆರೆತ ಜೀವ ಹೋದಾಗ ದುಃಖ ಒಂದೇ ಸಲಕ್ಕೆ ಬಂದು ಮುಗಿಯುವುದಿಲ್ಲ. ಹಾಲಿನ ಹೊತ್ತಿಗೊಮ್ಮೆ ಬರುತ್ತದೆ, ಬಚ್ಚಲಿಗೆ ಹೋದಾಗೊಮ್ಮೆ ಬರುತ್ತದೆ. ದೂರದ ನೆಂಟರ ಸಾವಿಗಿಂತ ಇದೇ ಹೆಚ್ಚು ನೋಯಿಸಿತೆಂದು ಕೆಲವರು ನಾಚಿಕೊಂಡು ಹೇಳುತ್ತಾರೆ. ನಾಚುವಂಥದ್ದು ಇದರಲ್ಲಿ ಏನೂ ಇಲ್ಲ.

ಕಷ್ಟವಾಗುವುದು ಸುತ್ತಲಿನವರ ಮಾತಿನಿಂದ. ಮನುಷ್ಯರು ಹೋದರೆ ಸೂತಕವಿದೆ, ಹನ್ನೆರಡನೇ ದಿನವಿದೆ, ಬಂದು ಪಕ್ಕದಲ್ಲಿ ಕೂರುವವರಿದ್ದಾರೆ. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಮಾತು ನಮ್ಮಲ್ಲಿದೆ. ಕೊಂದರೆ ಪ್ರಾಯಶ್ಚಿತ್ತ ಉಂಟು, ತಾನಾಗಿ ಸತ್ತರೆ ಅಳಲು ಒಂದು ದಿನವೂ ಇಲ್ಲ. ಪ್ರಾಚೀನ ಈಜಿಪ್ಟಿನಲ್ಲಿ ಮನೆಯ ಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಎದುರಿಗೆ ಬಂದವರಿಗೆ ಮುಖ ನೋಡಿದರೇ ಈ ಮನೆಯಲ್ಲಿ ಏನಾಗಿದೆ ಎಂದು ತಿಳಿಯುತ್ತಿತ್ತು. ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ಶೋಕದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲಿ ಒಂದು ಪುಸ್ತಕವನ್ನೇ ತಂದರು. ಹಂಚಿಕೊಳ್ಳಲು ಜಾಗ ಸಿಗದ ದುಃಖ ಹೊರಲು ಇನ್ನಷ್ಟು ಭಾರ. "ಒಂದು ಬೆಕ್ಕಿಗೆ ಇಷ್ಟೆಲ್ಲಾನಾ?" ಎನ್ನುವವರಿಗೆ ಉತ್ತರ ಕೊಡುತ್ತ ಕೂರಬೇಡಿ. ಮನೆಯೊಳಗೆ ಮಾತ್ರ ಅದರ ಹೆಸರು ಹಿಡಿದು ಮಾತಾಡಿ, ಮಕ್ಕಳ ಎದುರಿಗೂ. "ಎಲ್ಲೋ ಹೋಗಿದೆ, ಬರುತ್ತದೆ" ಎಂದು ಮಕ್ಕಳಿಗೆ ಸುಳ್ಳು ಹೇಳುವುದು ನನಗೆ ಸರಿಕಾಣುವುದಿಲ್ಲ. ಅವರು ದಿನಾ ಬಾಗಿಲಲ್ಲಿ ಕಾಯುತ್ತಾರೆ.

"ಮೊದಲೇ ಡಾಕ್ಟರಿಗೆ ತೋರಿಸಿದ್ದರೆ" ಎಂಬ ಕೊರಗು ನಿಮಗೂ ಇರಬಹುದು. ಬೆಕ್ಕು ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ. ವಯಸ್ಸಾದ ಬೆಕ್ಕುಗಳನ್ನು ಹೆಚ್ಚಾಗಿ ಕಾಡುವುದು ಮೂತ್ರಪಿಂಡದ ತೊಂದರೆ, ಅದರಲ್ಲಂತೂ ಮೂತ್ರಪಿಂಡದ ಬಹುಪಾಲು ಶಕ್ತಿ ಹೋದ ಮೇಲೇ ಲಕ್ಷಣ ಹೊರಗೆ ಕಾಣುವುದು. ನಿಮಗೆ ಗೊತ್ತಾಗದಿದ್ದುದು ಅಸಡ್ಡೆಯಿಂದಲ್ಲ.

ಇನ್ನು ಮರಿಯ ವಿಚಾರ. ನಿಮ್ಮ ಬೆಕ್ಕು ಯಾವುದರಿಂದ ಸತ್ತಿತು ಎಂಬುದನ್ನು ಮೊದಲು ಯೋಚಿಸಿ. ಜ್ವರ, ವಾಂತಿ, ಭೇದಿಯಾಗಿ ಎರಡು ಮೂರು ದಿನದಲ್ಲಿ ಹೋಗಿದ್ದರೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ಬೆಕ್ಕುಗಳ ಅಂಟುರೋಗ ಇದ್ದಿರಬಹುದು. ನಾಯಿಗಳ ಪಾರ್ವೊ ರೋಗದ ಹತ್ತಿರದ ನೆಂಟ ಇದರ ವೈರಸ್. ಮನೆಯೊಳಗೆ ಒಂದು ವರ್ಷದವರೆಗೂ ಬದುಕಬಲ್ಲದು, ಮರಿಗಳಿಗಂತೂ ಯಮ. ಸೋಪು, ಫಿನಾಯಿಲ್‌ಗಳನ್ನು ನಂಬಿ ಕೂರುವಂತಿಲ್ಲ. ಬೆಕ್ಕು ಮಲಗುತ್ತಿದ್ದ ಗೋಣಿಚೀಲ ಸುಟ್ಟುಬಿಡಿ. ಬಟ್ಟಲನ್ನು, ಸಿಮೆಂಟು ನೆಲವನ್ನು ಮೊದಲು ತೊಳೆದು, ಲೀಟರ್ ನೀರಿಗೆ 30 ಮಿಲಿ ಬ್ಲೀಚ್ ದ್ರಾವಣ ಬೆರೆಸಿ ಹಾಕಿ 10 ನಿಮಿಷ ಬಿಡಿ. ಸೆಗಣಿ ಸಾರಿಸಿದ ನೆಲಕ್ಕೆ ಇದು ಆಗುವ ಮಾತಲ್ಲ. ಅಂಥ ಮನೆಗೆ ಲಸಿಕೆ ಪೂರ್ತಿಯಾದ, ಸ್ವಲ್ಪ ಬೆಳೆದ ಬೆಕ್ಕೇ ವಾಸಿ, ಎಳೆಮರಿ ಬೇಡ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದನ್ನೂ ಗಮನಿಸಿ. ಜೊತೆಗಾರ ಪ್ರಾಣಿ ಸತ್ತ ಮೇಲೆ ಬೆಕ್ಕುಗಳ ತಿನ್ನುವುದು, ಆಡುವುದು, ಮಲಗುವುದು ಕಡಿಮೆಯಾಗಿದ್ದನ್ನು ಬೆಕ್ಕು ಸಾಕಿದ ನಾನ್ನೂರಕ್ಕೂ ಹೆಚ್ಚು ಜನರನ್ನು ಕೇಳಿದ ಅಮೆರಿಕದ ಒಂದು ಅಧ್ಯಯನ 2024ರಲ್ಲಿ ದಾಖಲಿಸಿತು. ಒಂದು ದಿನಕ್ಕಿಂತ ಹೆಚ್ಚು ಅದು ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಉಪವಾಸವಿದ್ದ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬಿ ಅದೇ ಪ್ರಾಣಕ್ಕೆ ಎರವಾಗಬಹುದು.

ಘಟ್ಟದ ಮೇಲೆ ಚಿರತೆಯಿಂದ, ಕರಾವಳಿಯಲ್ಲಿ ಹೆದ್ದಾರಿಯಿಂದ ಎಷ್ಟೋ ಬೆಕ್ಕುಗಳು ಸುಮ್ಮನೆ ಕಾಣೆಯಾಗುತ್ತವೆ. ಅಂಥ ಮನೆಯವರದು ಇನ್ನೂ ಕಠಿಣ ನೋವು, ಮಣ್ಣು ಮಾಡಲು ಮೈಯೂ ಸಿಗುವುದಿಲ್ಲ. ಹೆದರಿದ ಬೆಕ್ಕು ಬಹಳ ಸಲ ಹತ್ತಿರದಲ್ಲೇ ಅಡಗಿರುತ್ತದೆ. ಊರು ಮಲಗಿದ ಮೇಲೆ ಅಟ್ಟ, ಕಟ್ಟಿಗೆ ಮನೆ, ಹುಲ್ಲಿನ ರಾಶಿಯ ಹತ್ತಿರ ಹೆಸರು ಕೂಗಿ ನೋಡಿ.

ತಿಂಗಳುಗಳು ಕಳೆದರೂ ನಿದ್ದೆ ಬಾರದೆ, ಕೆಲಸ ಕೈಗೆ ಹತ್ತದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಹಾಗಾದರೆ ಯಾವಾಗ? ಪಕ್ಕದ ಮನೆಗೆ ಹೋಗಿ ಆ ನಾಲ್ಕು ಮರಿಗಳನ್ನು ನೋಡಿ ಬನ್ನಿ. ಹೋದ ಬೆಕ್ಕಿನ ಬಣ್ಣ, ಅದೇ ಬಾಲ ಹುಡುಕುತ್ತಿದ್ದರೆ ಇನ್ನೂ ಕಾಯಿರಿ. ತನ್ನದೇ ಒಂದು ಕುಚೇಷ್ಟೆ ಇರುವ ಮರಿ ಕಣ್ಣಿಗೆ ಬಿದ್ದು, ಮನೆಯ ಎಲ್ಲರಿಗೂ ಹೌದೆನಿಸಿದ ದಿನ ತನ್ನಿ. ಹಳೆಯ ಹೆಸರನ್ನು ಅದಕ್ಕೆ ಇಡಬೇಡಿ. ಎಂಟು ವಾರ ತುಂಬುವವರೆಗೆ ತಾಯಿಯ ಹತ್ತಿರವೇ ಇರಲಿ. ಮೊದಲ ಲಸಿಕೆಯನ್ನು ಆರರಿಂದ ಎಂಟು ವಾರದೊಳಗೆ ಹಾಕಿಸಿ, 16 ವಾರ ಆಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು. ರೇಬೀಸ್ ಲಸಿಕೆ ಬೇರೆ, ಅದನ್ನೂ ತಪ್ಪಿಸಬೇಡಿ.