ಅಂಗಳವಿಲ್ಲದ ಊರಿನಲ್ಲಿ ನಾಯಿ ಎಲ್ಲಿ ಮಲಗಬೇಕು?

ಡೊಂಬಿವಿಲಿ, ಮುಲುಂಡ್, ಮೀರಾ ರೋಡ್, ವಾಶಿ ಎಲ್ಲೇ ಆಗಲಿ, ಮುಂಬಯಿ ಕನ್ನಡಿಗರು ನಾಯಿ ಸಾಕಿದ ಮನೆಗಳಲ್ಲಿ ಒಂದು ತಕರಾರು ಮತ್ತೆ ಮತ್ತೆ ಏಳುತ್ತದೆ. ಊರಿನಿಂದ ಬಂದ ಹಿರಿಯರಿಗೆ ನಾಯಿ ಹಾಲ್‌ನ ಸೋಫಾ ಹತ್ತಿದ್ದೇ ಸಹಿಸದು. ಮಕ್ಕಳಿಗೆ ಅದು ಮಗ್ಗುಲಲ್ಲಿ ಇಲ್ಲದೆ ನಿದ್ದೆ ಬಾರದು. ಇದನ್ನು ಬರೀ ಹಳಬರು-ಹೊಸಬರ ಜಗಳ ಎಂದು ತಳ್ಳಿಹಾಕುವಂತಿಲ್ಲ. ನಾಯಿ ಹೊರಗಿರಬೇಕು ಎಂಬ ನಿಯಮಕ್ಕೆ ಗಟ್ಟಿ ಕಾರಣಗಳಿದ್ದವು. ಅವುಗಳಲ್ಲಿ ಯಾವುದು ಈಗಲೂ ನಿಂತಿದೆ, ಯಾವುದು ಬಿದ್ದುಹೋಗಿದೆ ಎಂದು ಬಿಡಿಸಿ ನೋಡದೆ ಹಾಸಿಗೆಯ ಪ್ರಶ್ನೆ ಬಗೆಹರಿಯದು.

ಕರಾವಳಿಯ ಹಳೆಯ ಮನೆಗಳಲ್ಲಿ ನಾಯಿಗೆ ಜಾಗವಿತ್ತು, ಆದರೆ ಹೊಸ್ತಿಲಿನಾಚೆ. ಹಗಲು ಜಗಲಿಯ ನೆರಳು, ರಾತ್ರಿ ಅಂಗಳ, ಜಡಿಮಳೆಯಲ್ಲಿ ಹಟ್ಟಿಯ ಮೂಲೆ. ಮಡಿ-ಮೈಲಿಗೆಯ ಲೆಕ್ಕ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಕಾರಣ ಮನೆಯ ನೆಲ. ನೆಲಕ್ಕೆ ಚಾಪೆ ಹಾಸಿ ಮಲಗುವ, ನೆಲದ ಮೇಲೇ ಎಲೆ ಹಾಕಿ ಉಣ್ಣುವ ಮನೆಯೊಳಗೆ ನಾಯಿ ಬಂದರೆ ಅದು ನೇರವಾಗಿ ಹಾಸಿಗೆಗೂ ಊಟದ ಎಲೆಗೂ ಬಂದಂತೆ. ಆ ನಾಯಿಗೆ ಲಸಿಕೆಯಿಲ್ಲ, ಜಂತುಹುಳದ ಔಷಧವಿಲ್ಲ, ಮೈತುಂಬ ಉಣ್ಣಿ. ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಯ ಸುತ್ತ ಹದಿನಾಲ್ಕು ಇಂಜೆಕ್ಷನ್. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಬ್ರಿಟಿಷ್ ವೈದ್ಯ ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ್ದರು. ಭಾರತ ಅದನ್ನು ಕೈಬಿಟ್ಟದ್ದು 2004ರಲ್ಲಿ. ಆ ಸೂಜಿಗಳ ಹೆದರಿಕೆಯನ್ನು ಕಂಡುಂಡ ತಲೆಮಾರು ಇನ್ನೂ ನಮ್ಮ ನಡುವೆಯೇ ಇದೆ.

ಹೊರಗಿಟ್ಟರೆಂದರೆ ಕೀಳಾಗಿ ಕಂಡರೆಂದು ಅರ್ಥವಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಸುಮಾರು 949-50ರದ್ದು. ರಾಷ್ಟ್ರಕೂಟರ ಪರವಾಗಿ ತಕ್ಕೋಲದ ಯುದ್ಧದಲ್ಲಿ ಮೆರೆದ, ಗಂಗ ದೊರೆ ಬೂತುಗನ ಬಂಟ ಮಣಲೇರನಿಗೆ ಬೇಕಾದ್ದನ್ನು ಕೇಳಿಕೋ ಎಂದಾಗ ಅವನು ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಮೈಲಾರಲಿಂಗನಿಗೂ ಪುಣೆಯ ಹತ್ತಿರದ ಜೇಜುರಿಯ ಖಂಡೋಬನಿಗೂ ನಾಯಿ ಒಡನಾಡಿ. ಗಾಣಗಾಪುರದ ದತ್ತನ ಪಟದಲ್ಲಿ ಕಾಲಬುಡದಲ್ಲಿ ನಾಲ್ಕು ನಾಯಿಗಳು. ಗೌರವವೂ ಇತ್ತು, ಅಂತರವೂ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುತ್ತಿದ್ದದ್ದು ನಡುವೆ ಒಂದು ಅಂಗಳವಿದ್ದುದರಿಂದ.

ಮುಂಬಯಿಯ ಕಥೆ ಬೇರೆ. ಇಲ್ಲಿ ನಾಯಿಗಾಗಿ ಊರೇ ಬಂದ್ ಆಗಿತ್ತು. ಬೀದಿನಾಯಿ ಕೊಂದವರಿಗೆ ತಲೆಗೆ ಎಂಟಾಣೆ ಕೊಡುವ ಕ್ರಮವನ್ನು ಬ್ರಿಟಿಷ್ ಆಡಳಿತ ವಿಸ್ತರಿಸಿದಾಗ, 1832ರ ಜೂನ್ 6ರಂದು ಕೋಟೆ ಪ್ರದೇಶದ ಪಾರ್ಸಿಗಳು ತಿರುಗಿಬಿದ್ದರು. ಶವಕ್ಕೆ ನಾಯಿಯ ದೃಷ್ಟಿ ಬೀಳಿಸುವ ‘ಸಗ್ದೀದ್’ ವಿಧಿಯಿರುವ ಸಮುದಾಯಕ್ಕೆ ನಾಯಿಹತ್ಯೆ ಧರ್ಮದ ವಿಷಯವಾಗಿತ್ತು. ಮರುದಿನ ಅಂಗಡಿಗಳು ಮುಚ್ಚಿದವು, ಸೈನ್ಯಕ್ಕೆ ಹೋಗುತ್ತಿದ್ದ ಆಹಾರ ನಿಂತಿತು, ಹಿಂದೂ, ಜೈನ, ಇಸ್ಮಾಯಿಲಿ ವರ್ತಕರೂ ಜೊತೆಗೂಡಿದರು. ಕೊನೆಗೆ ನಾಯಿಗಳನ್ನು ಕೊಲ್ಲದೆ ಊರಾಚೆ ಸಾಗಿಸುವ ಮಾತಾಯಿತು. ಎರಡು ವರ್ಷದ ನಂತರ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯ್ ಮತ್ತು ಅಮೀಚಂದ್ ಶಾ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಭುಲೇಶ್ವರದ ಪಾಂಜರಪೋಳ ಕಟ್ಟಿದರು. 1883ರಲ್ಲಿ ಪರೇಲ್‌ನ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆ ಹುಟ್ಟಿತು. ಈ ಊರಿನ ನಾಯಿಗಳು ಈಗಲೂ ಚಿಕಿತ್ಸೆಗೆ ಹೋಗುವ ದೊಡ್ಡ ತಾಣಗಳಲ್ಲಿ ಅದೂ ಒಂದು. ಹಾಗಿದ್ದೂ ಪಾಲಿಕೆ ಬೀದಿನಾಯಿಗಳನ್ನು ಕೊಲ್ಲುವುದನ್ನು ನಿಲ್ಲಿಸಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಹಾದಿ ಹಿಡಿದದ್ದು 1994ರಲ್ಲಿ ಮಾತ್ರ.

ಮನೆಯೊಳಗಿನ ನಾಯಿಯ ಪ್ರಶ್ನೆ ಎದ್ದದ್ದು ಫ್ಲ್ಯಾಟ್‌ಗಳ ಜೊತೆ. ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳಿನ ಖೋಲಿ, ಅಂದರೆ ಒಂದು ಕೋಣೆ, 160 ಚದರಡಿ. ಅಷ್ಟರಲ್ಲಿ ಇಡೀ ಸಂಸಾರ. ಅಲ್ಲಿ ನಾಯಿ ಗ್ಯಾಲರಿಯದ್ದು, ಬೀದಿಯದ್ದು, ಎಲ್ಲರದ್ದು. ಸಹಕಾರಿ ಸೊಸೈಟಿಯ ಬದುಕು ಬಂದ ಮೇಲೆ ಬಾಗಿಲು ಮುಚ್ಚಿಕೊಳ್ಳುವ ಮನೆಗಳಾದವು, ‘ಯಾರು ಏನು ಸಾಕಬಹುದು’ ಎಂದು ಕೇಳುವ ಕಮಿಟಿಗಳೂ ಆದವು. ಈ ಬದುಕಿಗೆ ಮೊದಲ ಅಡಿಪಾಯ ಹಾಕಿದವರಲ್ಲಿ ಕೆನರಾದಿಂದ ಬಂದವರೇ ಮುಂಚೂಣಿಯಲ್ಲಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು: ಎಸ್. ಎಸ್. ತಲ್ಮಕಿಯವರ ಮುಂದಾಳತ್ವದಲ್ಲಿ ಗಾಮದೇವಿಯ ಸಾರಸ್ವತ ಸೊಸೈಟಿ 1915ರಲ್ಲಿ ಆರಂಭವಾಯಿತು. ಮುಂದೆ ಎಂಬತ್ತು-ತೊಂಬತ್ತರ ದಶಕದಲ್ಲಿ ಪೊಮೆರೇನಿಯನ್ ಎಂದೇ ಕರೆಯುತ್ತಿದ್ದ ಬಿಳಿ ಸ್ಪಿಟ್ಜ್, 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ನಂತರ ಪಗ್, ಆಮೇಲೆ ಲ್ಯಾಬ್ರಡಾರ್, ಶಿಟ್ಜು. ಒಂದೊಂದೂ ಹಿಂದಿನದ್ದಕ್ಕಿಂತ ಹೆಚ್ಚು ಒಳಮನೆಯ ನಾಯಿ.

ಕಾನೂನನ್ನು ಚುಟುಕಾಗಿ ಹೇಳಿಬಿಡಬಹುದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ, ಬಹುಮತದ ಠರಾವು ಮಾಡಿಯೂ ಸೊಸೈಟಿ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ. ಸಾಕಿದವರು ಹಗ್ಗ ಹಿಡಿದು ಓಡಾಡಿಸಬೇಕು, ಹೊರಗೆ ಹೇತದ್ದನ್ನು ಎತ್ತಬೇಕು, ಲಸಿಕೆಯ ಕಾರ್ಡು ಸರಿಯಾಗಿಟ್ಟುಕೊಳ್ಳಬೇಕು.

ಹೆಚ್ಚು ಜನ ಮರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮನ್ನು. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅಕಾರಣ ಹೊತ್ತು ಕಟ್ಟಿಹಾಕುವುದು, ಸದಾ ಕಟ್ಟಿಟ್ಟ ಅಥವಾ ಕೂಡಿಟ್ಟ ನಾಯಿಯನ್ನು ಓಡಾಡಿಸದೆ ಬಿಡುವುದು ಎರಡೂ ಅಪರಾಧ. ಮನೆಯೊಳಗೆ ಬೇಡ ಎಂದವರು ಕೊನೆಗೆ ತಲುಪುವ ರಾಜಿ ಬಾಲ್ಕನಿ ತಾನೇ? ಏಪ್ರಿಲ್-ಮೇ ತಿಂಗಳಲ್ಲಿ ಆ ನಾಲ್ಕಡಿ ಅಗಲದ ಜಾಗಕ್ಕೆ ಪಶ್ಚಿಮದ ಬಿಸಿಲು ಬಡಿಯುತ್ತದೆ, ಎಸಿಯ ಹೊರಘಟಕ ಬಿಸಿಗಾಳಿ ಉಗುಳುತ್ತದೆ, ಜೂನ್‌ನಿಂದ ಎರಚಲು. ನಾಯಿ ಮೈ ಆರಿಸಿಕೊಳ್ಳುವುದು ಮುಖ್ಯವಾಗಿ ತೇಕಿ. ಗಾಳಿಯಲ್ಲೇ ತೇವ ತುಂಬಿರುವ ಊರಿನಲ್ಲಿ ತೇಕಿದರೂ ಮೈ ಆರದು. ಪಗ್‌ನಂಥ ಮೋಟುಮೂತಿಯ ನಾಯಿ ಅಲ್ಲಿ ಸತ್ತೇಹೋಗಬಹುದು. ಬಾಲ್ಕನಿ ಅಂಗಳವಲ್ಲ. ಫ್ಲ್ಯಾಟಿನಲ್ಲಿ ನಾಯಿ ಸಾಕುವುದಾದರೆ ಒಳಗೇ ಸಾಕಬೇಕು; ಒಳಗೆ ಬೇಡವೆನ್ನುವ ಮನೆ ನಾಯಿ ತರಬಾರದು. ಇದರಲ್ಲಿ ನಡುದಾರಿ ಕಾಣುವುದಿಲ್ಲ.

ಹಾಸಿಗೆಯ ವಿಷಯದಲ್ಲಿ ನಡುದಾರಿ ಇದೆ. ಮೊದಲಿಗೆ ಒಂದು ಸುಳ್ಳನ್ನು ಬದಿಗಿಡಬೇಕು. ಹಾಸಿಗೆ ಹತ್ತಿದ ನಾಯಿ ತಾನೇ ಯಜಮಾನ ಎಂದುಕೊಳ್ಳುತ್ತದೆ ಎಂದು ಈಗಲೂ ಎಷ್ಟೋ ತರಬೇತುದಾರರು ಹೇಳುತ್ತಾರೆ. ಇದರ ಬೇರು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಕೂಡಿಹಾಕಿದ ತೋಳಗಳ ಅಧ್ಯಯನ. ಅದನ್ನು 1970ರ ತನ್ನ ಪುಸ್ತಕದಿಂದ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ 1999ರಲ್ಲಿ ತಾನೇ ತಿದ್ದಿ ಬರೆದರು: ಕಾಡಿನ ತೋಳದ ಗುಂಪೆಂದರೆ ತಂದೆ-ತಾಯಿ-ಮರಿಗಳ ಸಂಸಾರ, ಪಟ್ಟಕ್ಕಾಗಿ ಕಾದಾಡುವ ಪಡೆಯಲ್ಲ. ನಾಯಿ ಹಾಸಿಗೆ ಹತ್ತುವುದು ಅದು ಮೆತ್ತಗಿದೆ, ನಿಮ್ಮ ವಾಸನೆ ಇದೆ ಎಂಬ ಕಾರಣಕ್ಕೆ.

ನಿದ್ದೆಯ ಬಗ್ಗೆ 2017ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ 40 ವಯಸ್ಕರನ್ನು ಗಮನಿಸಿತ್ತು. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿಜವಾಗಿ ನಿದ್ರಿಸಿದ ಪಾಲು, ನಾಯಿ ಅದೇ ಕೋಣೆಯಲ್ಲಿ ಬೇರೆ ಕಡೆ ಮಲಗಿದಾಗ ಶೇ. 83, ಹಾಸಿಗೆಯ ಮೇಲೇ ಮಲಗಿದಾಗ ಶೇ. 80. ಸಣ್ಣ ಅಧ್ಯಯನ, ಸಣ್ಣ ವ್ಯತ್ಯಾಸ. ಆದರೂ ಬೆಳಗಿನ 5.40ರ ಲೋಕಲ್ ಹಿಡಿಯಬೇಕಾದವರಿಗೆ ಅದೇ ಕೋಣೆ, ಬೇರೆ ಹಾಸಿಗೆ ಎಂಬುದು ಒಳ್ಳೆಯ ಹೊಂದಾಣಿಕೆ.

ಈ ಊರಿನಲ್ಲಿ ನಿಜವಾದ ಎದುರಾಳಿ ಉಣ್ಣಿ. ನಮ್ಮ ನಾಯಿಗಳ ಮೇಲಿರುವ ಕಂದು ಉಣ್ಣಿ ಹುಲ್ಲಿನದ್ದಷ್ಟೇ ಅಲ್ಲ, ಮನೆಯೊಳಗೇ ಸಂಸಾರ ಹೂಡಬಲ್ಲದು. ಮರಿ, ಎಳೆಯದು, ಬಲಿತದ್ದು ಮೂರೂ ಹಂತದಲ್ಲಿ ನಾಯಿಯ ರಕ್ತ ಹೀರಿ ಕೆಳಗೆ ಬಿದ್ದು ಸಂದಿ ಸೇರುತ್ತದೆ; ಹೆಣ್ಣು ಒಮ್ಮೆಗೆ ಸಾವಿರಾರು ಮೊಟ್ಟೆ ಇಡುತ್ತದೆ; ಬಲಿತದ್ದು ತಿಂಗಳುಗಟ್ಟಲೆ ಉಪವಾಸ ಬದುಕುತ್ತದೆ. ಮೇಲಕ್ಕೆ ಹತ್ತುವುದು ಅದರ ಸ್ವಭಾವ. ಹಾಗಾಗಿ ಮಂಚದ ಕೀಲು, ಗಾದಿಯ ಹೊಲಿಗೆ, ಫೋಟೋ ಚೌಕಟ್ಟಿನ ಹಿಂಬದಿ, ಸ್ವಿಚ್ ಬೋರ್ಡಿನ ಅಂಚು, ಪರದೆಯ ಮಡಿಕೆ, ಸೂರಿನ ಮೂಲೆಗಳಲ್ಲಿ ಟಾರ್ಚ್ ಬಿಟ್ಟು ಹುಡುಕಬೇಕು. ಹೆಚ್ಚಿನವರು ಸೋಲುವುದು ಇಲ್ಲೇ: ನಾಯಿಗೆ ಒಂದು ಬಾರಿ ಔಷಧ ಹಾಕಿ ಗೋಡೆಯನ್ನು ಮರೆಯುತ್ತಾರೆ, ಒಂದೆರಡು ತಿಂಗಳಲ್ಲಿ ಹೊಸ ಪೀಳಿಗೆ ಹೊರಬರುತ್ತದೆ. ಉಣ್ಣಿ ಕೊಲ್ಲುವ ಅಫಾಕ್ಸೊಲೇನರ್ ಮಾತ್ರೆಯಾದರೆ ತಿಂಗಳಿಗೊಂದು, ಫ್ಲುರಲೇನರ್ ಆದರೆ ಸುಮಾರು 12 ವಾರಕ್ಕೊಂದು, ನಾಯಿಯ ತೂಕಕ್ಕೆ ತಕ್ಕಂತೆ, ವರ್ಷವಿಡೀ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಬೇಕು. ಈ ಮಾತ್ರೆಗಳು ಉಣ್ಣಿ ಕಚ್ಚಿದ ಮೇಲೆ ಕೊಲ್ಲುತ್ತವೆಯೇ ಹೊರತು ಹತ್ತುವುದನ್ನು ತಡೆಯುವುದಿಲ್ಲ, ಹಾಗಾಗಿ ವಾಕಿಂಗ್ ಮುಗಿಸಿ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕತ್ತುಪಟ್ಟಿಯ ಅಡಿಯಲ್ಲಿ ಕೈಯಾಡಿಸಿ ನೋಡುವುದು ತಪ್ಪಬಾರದು. ಕಂಡರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಬೇಕು; ಬೆರಳಲ್ಲಿ ಹಿಸುಕಬಾರದು, ಸೀಮೆಎಣ್ಣೆ ಹಚ್ಚಬಾರದು, ಸ್ಪಿರಿಟ್‌ಗೆ ಹಾಕಬೇಕು. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ನಾಯಿಯ ಔಷಧ ತರಲೇಬಾರದು, ಬೆಕ್ಕಿಗೆ ಅದು ವಿಷ. ಉಣ್ಣಿ ಕಂಡ ನಾಯಿ ಊಟ ಬಿಟ್ಟು ಜ್ವರದಲ್ಲಿ ಮಂಕಾಗಿ ಬಿದ್ದರೆ, ವಸಡು ಬಿಳಿಚಿದರೆ ಅಥವಾ ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ರಕ್ತಪರೀಕ್ಷೆ ಆಗಬೇಕು. ಉಣ್ಣಿಯಿಂದ ಹರಡುವ ರಕ್ತದ ಸೋಂಕುಗಳಾದ ಎರ್ಲಿಕಿಯ, ಬಬೇಸಿಯ ಎರಡೂ ಇಲ್ಲಿ ಸಾಮಾನ್ಯ.

ಜಂತುಹುಳದ್ದು ಸುಲಭ, ಶಿಸ್ತು ಸಾಕು. ಮರಿಗೆ ಎರಡು ವಾರದಿಂದ ಮೂರು ತಿಂಗಳವರೆಗೆ ಎರಡೆರಡು ವಾರಕ್ಕೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಔಷಧ. ದುಂಡುಹುಳದ ಮೊಟ್ಟೆ ಹೊರಬಿದ್ದೊಡನೆ ಸೋಂಕು ತರುವುದಿಲ್ಲ, ಅದಕ್ಕೆ ಎರಡು-ನಾಲ್ಕು ವಾರ ಬೇಕು. ಕಾಂಪೌಂಡಿನಲ್ಲಿ ಮಕ್ಕಳು ಆಡುವ ಮಣ್ಣಿನಿಂದ ಅಂದಂದಿನ ಮಲ ಅಂದೇ ಎತ್ತಿ ಎನ್ನುವುದು ಇದಕ್ಕೇ. ಲಾಡಿಹುಳು ಬರುವುದು ಚಿಗಟದಿಂದ, ಹಾಗಾಗಿ ಚಿಗಟ ತಡೆಯದೆ ಬರೀ ಮಾತ್ರೆ ಕೊಟ್ಟರೆ ಮತ್ತೆ ಬರುತ್ತದೆ.

ಮಳೆಗಾಲದ ಚಿಂತೆ ಇಲಿಜ್ವರ (ಲೆಪ್ಟೊಸ್ಪೈರೋಸಿಸ್). 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ನಂತರದ ವಾರಗಳಲ್ಲಿ ಮುಂಬಯಿ ಈ ರೋಗದ ಹೊಡೆತ ಕಂಡಿದೆ. ಇಲಿಯ ಮೂತ್ರ ಬೆರೆತ ನೀರಿನಿಂದ ನಾಯಿಗೂ ತಗಲುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ. ಇದರ ಲಸಿಕೆ ಮರಿಗೆ ಮೂರು-ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ಪ್ರತಿ ವರ್ಷ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಹಾಕಿಸಿದರೆ ಒಳ್ಳೆಯದು. ಹೊರಗಿನಿಂದ ಬಂದಾಗ ಪಾದ ತೊಳೆದರೆ ಸಾಲದು, ಬೆರಳ ಸಂದಿ ಒಣಗುವವರೆಗೆ ಒರೆಸಬೇಕು. ಒದ್ದೆ ಬಿಟ್ಟ ಪಾದದಲ್ಲೂ ಜೋತುಕಿವಿಯಲ್ಲೂ ಶಿಲೀಂಧ್ರ ಹುಟ್ಟುತ್ತದೆ, ಹುಳಕಡ್ಡಿಯಾದರೆ ಹಾಸಿಗೆ ಹಂಚಿಕೊಂಡವರ ಮೈಗೂ ಬರುತ್ತದೆ. ನೆಲದ ಮೇಲಿನ ಮೂತ್ರಕ್ಕೆ ನೇರವಾಗಿ ಬ್ಲೀಚ್ ಸುರಿಯಬೇಡಿ, ಉಸಿರುಗಟ್ಟಿಸುವ ಅನಿಲ ಏಳುತ್ತದೆ. ಮೊದಲು ಒರೆಸಿ, ನೀರು ಹಾಕಿ, ಆಮೇಲೆ ತೆಳು ಬ್ಲೀಚ್.

ಕೆಲವು ಮನೆಗಳಲ್ಲಿ ಮಾತ್ರ ಹಾಸಿಗೆಗೆ ಖಂಡಿತ ಬೇಡ. ಹಸುಗೂಸಿನ ಪಕ್ಕ, ಕೀಮೋ ನಡೆಯುತ್ತಿರುವವರು, ಅಂಗಕಸಿ ಆದವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು ಇರುವ ಕಡೆ, ಆಸ್ತಮಾ ಕೆರಳುವವರ ಕೋಣೆಯಲ್ಲಿ. ಕೂದಲು ಉದುರದ ತಳಿ ತಂದರೆ ಅಲರ್ಜಿ ಇಲ್ಲ ಎನ್ನುವ ಮಾತು ನಂಬಬೇಡಿ, ಅಲರ್ಜಿ ತರುವ ಪ್ರೋಟೀನು ಎಲ್ಲ ನಾಯಿಗಳ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ. ಲಸಿಕೆ ಮುಗಿಯದ, ಉಚ್ಚೆ ಹಿಡಿದುಕೊಳ್ಳಲು ಕಲಿಯದ ಮರಿಯೂ ಸದ್ಯಕ್ಕೆ ಕೆಳಗೇ. ಡ್ಯಾಶ್‌ಹಂಡ್‌ನ ಅಡ್ಡಿ ಬೇರೆ: ಎತ್ತರದ ಮಂಚದಿಂದ ನುಣುಪು ಟೈಲ್ಸ್ ಮೇಲೆ ದಿನಾ ಜಿಗಿದರೆ ಬೆನ್ನುಮೂಳೆಯ ಡಿಸ್ಕ್ ಜಾರಿ ಹಿಂಗಾಲು ಬೀಳಬಹುದು. ಅದಕ್ಕೆ ಇಳಿಜಾರು ಹಲಗೆ ಇಡಿ, ಇಳಿಯುವಲ್ಲಿ ರಬ್ಬರ್ ಮ್ಯಾಟ್ ಹಾಸಿ.

ಉಳಿದವರು ಬಿಟ್ಟುಕೊಳ್ಳುವುದಾದರೆ ಗಾದಿಗೆ ನೀರು ಇಳಿಯದ ಹೊದಿಕೆ, ಅದರ ಮೇಲೆ ನಾಯಿಗೆಂದೇ ತೆಳು ಹತ್ತಿಯ ಹಾಸು. ದಪ್ಪ ರಜಾಯಿ ಜುಲೈನಲ್ಲಿ ಒಣಗುವುದೇ ಇಲ್ಲ. ಮೂರ್ನಾಲ್ಕು ತೆಳು ಹಾಸು ಇಟ್ಟುಕೊಂಡು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆದು ಇಸ್ತ್ರಿ ಹಾಕಿ. ಬಿಡದಿದ್ದರೆ ಅದೇ ಕೋಣೆಯಲ್ಲಿ, ಕೈಗೆ ಎಟಕುವಷ್ಟು ದೂರದಲ್ಲಿ, ನೆಲದಿಂದ ಅರ್ಧ ಅಡಿ ಎತ್ತರದ ಬಟ್ಟೆ ಬಿಗಿದ ಪುಟ್ಟ ಮಂಚ. ಅಡಿಯಲ್ಲಿ ಗಾಳಿಯಾಡಿದರೆ ನಾಯಿಯೂ ಸುಖವಾಗಿ ಮಲಗುತ್ತದೆ. ಯಾವುದೇ ಆಗಲಿ, ಅಪ್ಪ ಗದರಿಸುವುದು, ಮಗ ಗುಟ್ಟಾಗಿ ಹತ್ತಿಸುವುದು ಬೇಡ. ಬಿಟ್ಟುಕೊಂಡ ಮನೆಯಲ್ಲೂ ‘ಕೆಳಗೆ’ ಎಂದರೆ ಇಳಿಯಲು ಕಲಿಸಿ, ಇಳಿದಾಗ ತಿನಿಸು ಕೊಡಿ. ಹಾಸಿಗೆಯ ಮೇಲಿಂದ ಗುರ್ ಎಂದರೆ ಹೊಡೆಯಬೇಡಿ, ಕೈಯಲ್ಲಿ ಎಳೆಯಬೇಡಿ. ಗುರ್ ಎನ್ನುವುದನ್ನು ಬಿಡಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ತಿನಿಸು ತೋರಿಸಿ ಇಳಿಸಿ, ಕೆಲ ವಾರ ಹಾಸಿಗೆ ಬೇಡ, ಮತ್ತೆ ಮತ್ತೆ ಆದರೆ ವೈದ್ಯರಿಗೆ ತೋರಿಸಿ, ನೋವಿದ್ದರೂ ನಾಯಿ ಹೀಗೆ ಮಾಡುತ್ತದೆ. ವರ್ಷಗಟ್ಟಲೆ ಹಾಸಿಗೆ ಹಂಚಿಕೊಂಡ ಮುದಿನಾಯಿ ಒಂದು ರಾತ್ರಿ ಅಲ್ಲೇ ಉಚ್ಚೆ ಮಾಡಿತೆಂದು ಬಾಲ್ಕನಿಗೆ ತಳ್ಳುವವರಿದ್ದಾರೆ. ತಳ್ಳುವ ಬದಲು ಬೆಳಿಗ್ಗೆಯ ಮೊದಲ ಮೂತ್ರವನ್ನು ಶುಭ್ರ ಡಬ್ಬಿಯಲ್ಲಿ ಹಿಡಿದು ಮೂತ್ರಪಿಂಡ ಮತ್ತು ಸಕ್ಕರೆಯ ಪರೀಕ್ಷೆಗೆ ಒಯ್ಯಬೇಕು.