ಹುಡುಕುವುದಕ್ಕೂ ಕೂಲಿ ಉಂಟು

ಮೋಟರ್‌ಹೋಮ್, ಕ್ಯಾರವಾನ್ ಎಂಬ, ಒಳಗೇ ಮಲಗಿ ಬಾಳಬಹುದಾದ ಗಾಡಿಗಳ ರಿಪೇರಿ ನಂಬಿ ಬದುಕಬಹುದಾ ಎಂದು ಹೊಸಬರು ಕೇಳುತ್ತಿರುತ್ತಾರೆ. ಬದುಕಬಹುದು. ಆದರೆ ಒಳ್ಳೆ ಕೈಗುಣ ಇದ್ದೂ ದುಡ್ಡು ಕೈಗೆ ಹತ್ತದವರನ್ನು ನಾನು ಜಾಸ್ತಿ ನೋಡಿದ್ದೇನೆ. ದೋಷ ಹುಡುಕಲು ಹಿಡಿದ ಹೊತ್ತನ್ನು ಅವರು ಬಿಲ್ಲಿನಲ್ಲಿ ಬರೆಯುವುದೇ ಇಲ್ಲ.

ಗ್ಯಾಸ್ ಹೀಟರ್‌ನ ಫ್ಯಾನ್ ತಿರುಗುತ್ತದೆ, ಬೆಂಕಿ ಹೊತ್ತುವುದಿಲ್ಲ ಎಂದು ಒಬ್ಬರು ಗಾಡಿ ತಂದರು. ಅಷ್ಟರಲ್ಲಿ ಬೇರೆಲ್ಲೋ ಎರಡು ಸಲ ಸರ್ಕ್ಯೂಟ್ ಬೋರ್ಡ್ ಬದಲಿಸಿಯಾಗಿತ್ತು. ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್, ಪೂರ್ತಿ ಚಾರ್ಜ್. ಫ್ಯಾನ್ ಓಡುತ್ತಿರುವಾಗಲೇ ಹೀಟರ್‌ನ ಹತ್ತಿರ ಅಳೆದೆ, 10 ಕೂಡ ಇರಲಿಲ್ಲ. ಇಂಥ ಹೀಟರ್‌ಗಳಲ್ಲಿ ಗಾಳಿಯ ರಭಸಕ್ಕೆ ಒತ್ತಿಕೊಳ್ಳುವ ಒಂದು ಪುಟ್ಟ ಸ್ವಿಚ್ ಇರುತ್ತದೆ, ಫ್ಯಾನ್ ನಿಧಾನವಾದರೆ ಅದು ಒತ್ತಿಕೊಳ್ಳುವುದಿಲ್ಲ, ಅದು ಒತ್ತಿಕೊಳ್ಳದೆ ಗ್ಯಾಸ್ ವಾಲ್ವ್ ತೆರೆಯುವುದಿಲ್ಲ. ವೋಲ್ಟ್ ಇಳಿದದ್ದಕ್ಕೆ ಕಾರಣ ಇಷ್ಟೇ, ಷಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಬಿಗಿದ ನೆಗೆಟಿವ್ ವೈರಿನ ತುದಿ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿಯಲು ಹತ್ತು ನಿಮಿಷ ಸಾಕಾಯಿತು. ಹುಡುಕಲು ಒಂದೂವರೆ ಗಂಟೆ. ಹತ್ತು ನಿಮಿಷದ ಕೂಲಿಯಲ್ಲಿ ಮನೆ ನಡೆಯುತ್ತದಾ?

ಅದಕ್ಕೇ ಗಾಡಿ ಮುಟ್ಟುವ ಮೊದಲೇ ಹೇಳಿಬಿಡಿ, ನೋಡುವುದಕ್ಕೆ ಇಷ್ಟು, ರಿಪೇರಿಗೆ ಬೇರೆ. ಮೊದಲೇ ಹೇಳಿದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಕೊನೆಗೆ ಹೇಳಿದರೆ ಬರುತ್ತಾರೆ. ವರ್ಕ್‌ಶಾಪ್ ಸೇರುವವರಾದರೆ, ಒಂದೊಂದು ಕೆಲಸಕ್ಕೆ ಇಷ್ಟೇ ಗಂಟೆ ಎಂದು ಕಟ್ಟಿಟ್ಟ ಲೆಕ್ಕದಲ್ಲಿ ಸಂಬಳ ಕೊಡುತ್ತಾರಾ, ಹುಡುಕುವ ಹೊತ್ತು ಮತ್ತು ಪಾರ್ಟ್ ಬರುವವರೆಗೆ ಸುಮ್ನೆ ಕೂರುವ ಹೊತ್ತು ಯಾರ ತಲೆಗೆ ಬರುತ್ತದೆ ಎಂದು ಬಾಯಿ ಬಿಟ್ಟು ಕೇಳಿ.

ಛಾವಣಿ ಸೋರಿಕೆಯೂ ಹೀಗೇ. ಯಾರೋ ಛಾವಣಿಯ ಗಾಳಿಕಿಂಡಿಯ ಸುತ್ತ ಸಿಲಿಕಾನ್ ಅಂಟು ಬಳಿದಿರುತ್ತಾರೆ. ಅದರ ಮೇಲೆ ಹೊಸ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಸರಿಯಾಗಿ ಕಚ್ಚುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಕೆರೆದ ಗಂಟೆಗಳೂ ಕೆಲಸವೇ. ಚಳಿ ಪ್ರದೇಶಗಳಲ್ಲಿ ಹಿಮಗಾಲಕ್ಕೆ ಮುಂಚೆ, ಹೆಪ್ಪುಗಟ್ಟಿ ಪೈಪ್ ಒಡೆಯದಿರಲಿ ಎಂದು, ನೀರು ಖಾಲಿ ಮಾಡುವ ಕೆಲಸ ಸಾಲುಗಟ್ಟುತ್ತದೆ, ಆಮೇಲೆ ಕೆಲವು ತಿಂಗಳು ಬಿಡುವು. ಆ ತಿಂಗಳುಗಳಿಗೆ ಮೊದಲೇ ದುಡ್ಡು ಎತ್ತಿಡಿ.

ಗ್ಯಾಸ್ ಲೈನ್ ಮುಟ್ಟಿದ ಮೇಲೆ ಸೋರಿಕೆ ಪರೀಕ್ಷೆ ಮಾತ್ರ ಯಾವತ್ತೂ ಬಿಡಬೇಡಿ. ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ, ಒಳಗೆ ಜನ ಮಲಗಿರುತ್ತಾರೆ ಅಲ್ವಾ. ಈ ಪರೀಕ್ಷೆಯನ್ನು ಪುಕ್ಕಟೆ ಮಾಡಿಕೊಡುತ್ತಿದ್ದರೆ ಗಡಿಬಿಡಿಯ ದಿನ ಬಿಟ್ಟುಬಿಡುವ ಮನಸ್ಸಾಗುತ್ತದೆ. ನಾನು ಅದಕ್ಕೆ ಬಿಲ್ಲಿನಲ್ಲಿ ಒಂದು ಸಾಲು ಇಟ್ಟಿದ್ದೇನೆ. ಅಳೆದ ಒತ್ತಡವನ್ನೂ ಅಲ್ಲೇ ಬರೆಯುತ್ತೇನೆ, ಮುಂದಿನ ಸಲ ಗಾಡಿ ಬಂದಾಗ ಹೋಲಿಸಿ ನೋಡಲು ಬೇಕಾಗುತ್ತದೆ.